ಐದು ನಲವತ್ತರ ಬಸ್ಸೂ ತಮ್ಮ ಚಿತ್ರಗಳ ಕೊನೆಯ ಹತ್ತು ನಿಮಿಷವೂ

ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ತಾಲ್ಲೂಕುಗಳ ಸಮಸ್ತ ಪ್ರೇಕ್ಷಕ ಮಹಾಶಯರೇ, ಮಹಾಶಯೆಯರೇ, ಟಿಕೆಟ್ ಪಡೆದು ಬಂದವರೇ, ಪಾಸ್ ಹಿಡಿದು ಬಂದವರೇ, ಹೊರಗೆ ಬಿಸಿಲೆಂದು ಒಳಗೆ ಬಂದು ಕೂತವರೇ, ತಮ್ಮೆಲ್ಲರ ಸಮಕ್ಷಮದಲ್ಲಿ, ತಮ್ಮ ಪೈಕಿ ಒಬ್ಬರನ್ನು ಮಾತ್ರ ಹೊರತುಪಡಿಸಿ, ನಾನು ಈ ಕೆಳಗಿನ ಅಹವಾಲನ್ನು ನಿವೇದಿಸಿಕೊಳ್ಳುತ್ತಿದ್ದೇನೆ. ಆ ಒಬ್ಬರು ಯಾರೆಂಬುದು ಪತ್ರದ ಕೊನೆಯಲ್ಲಿ ತಿಳಿಯುತ್ತದೆ. ಅಲ್ಲಿಯವರೆಗೆ ಬಸ್ಸಿಗೆ ಹೊತ್ತಾಯಿತೆಂದು ಯಾರೂ ಏಳಬಾರದಾಗಿ ವಿನಂತಿ. ತಾವು ಕೆಮ್ಮಬಹುದು, ಆಕಳಿಸಬಹುದು, ಚಕ್ಕುಲಿ ತಿನ್ನಬಹುದು. ಇದು ಕಲಾ ಸಂಗ್ರಹಾಲಯದ ಚಿತ್ರಮಂದಿರವಲ್ಲ, ಬರೀ ಒಂದು ಪತ್ರ.

ಇವರಿಗೆ: ಮಾನ್ಯ ನಿರ್ದೇಶಕರು, ಕಲಾ ಸಂಗ್ರಹಾಲಯ ಮತ್ತು ಅದರೊಳಗಿನ ಚಿತ್ರಮಂದಿರ, ಶೃಂಗೇರಿ ರಸ್ತೆ, ಕೊಪ್ಪ.

ಇವರಿಂದ: ಕಾಂತೇಶ್, ಬಿ.ಎ., ಕನ್ನಡ ಮಾಧ್ಯಮ. ಫ್ಲೆಕ್ಸ್ ಮತ್ತು ಆಮಂತ್ರಣ ಪತ್ರಿಕೆಗಳ ತಯಾರಕ, ಎನ್.ಆರ್.ಪುರ, ವಾಸ ಮುತ್ತಿನಕೊಪ್ಪ.

ವಿಷಯ: ಶನಿವಾರದ ಪ್ರದರ್ಶನವನ್ನು ಮೂರೂವರೆಯ ಬದಲು ಮೂರು ಗಂಟೆಗೇ ಆರಂಭಿಸುವಂತೆ ಕೋರಿ.

ಮಾನ್ಯರೇ,

ತಮಗೂ, ತಮ್ಮ ವ್ಯವಸ್ಥಾಪಕರಾದ ಶ್ರೀ ಶಶಿಕಿರಣ್ ಅವರಿಗೂ, ತಮ್ಮ ಪ್ರೊಜೆಕ್ಟರಿಗೂ, ತಮ್ಮ ಐವತ್ತನಾಲ್ಕು ಕುರ್ಚಿಗಳಿಗೂ ನನ್ನ ನಮಸ್ಕಾರಗಳು. ನಾಲ್ಕನೇ ಸಾಲಿನ ಮೊದಲನೇ ಕುರ್ಚಿಗೆ, ಅಂದರೆ ಬಾಗಿಲಿಗೆ ಅತಿ ಹತ್ತಿರದ ಕುರ್ಚಿಗೆ, ಪ್ರತ್ಯೇಕ ನಮಸ್ಕಾರ. ಅದು ನನ್ನ ಭಾರವನ್ನು ಹದಿನೇಳು ಶನಿವಾರ ಹೊತ್ತಿದೆ, ಒಂದು ಶನಿವಾರವೂ ಪೂರ್ತಿ ಹೊತ್ತಿಲ್ಲ. ಈ ಪತ್ರದ ಸಾರಾಂಶ ಇಷ್ಟೇ, ಮುಂದಿನದು ವಿವರ.

ತಮ್ಮ ಸಂಗ್ರಹಾಲಯವಿರುವ ಕಟ್ಟಡದಲ್ಲಿ ಹಿಂದೆ ಸಾಮಿಲ್ ಇತ್ತೆಂಬುದು ತಮಗೆ ತಿಳಿದೇ ಇದೆ. ಒಂದು ಬಾಗಿಲಿನಿಂದ ದಿಮ್ಮಿಗಳು ಒಳಗೆ ಹೋಗಿ ಇನ್ನೊಂದು ಬಾಗಿಲಿನಿಂದ ಹಲಗೆಗಳಾಗಿ ಹೊರಗೆ ಬರುತ್ತಿದ್ದವು. ಈಗ ಅದೇ ಬಾಗಿಲಿನಿಂದ ನಾವು ಒಳಗೆ ಹೋಗುತ್ತೇವೆ. ಏನಾಗಿ ಹೊರಬರುತ್ತೇವೆಂಬುದನ್ನು ತಾವು ಪ್ರದರ್ಶನದ ನಂತರದ ಸಂವಾದದಲ್ಲಿ ಚರ್ಚಿಸುತ್ತೀರಂತೆ, ನನಗೆ ಆ ಭಾಗ್ಯ ಈವರೆಗೆ ದೊರೆತಿಲ್ಲ. ಚಿತ್ರಮಂದಿರಕ್ಕೆ ಹೋಗಲು ಚಿತ್ರಶಾಲೆಯನ್ನು ದಾಟಲೇಬೇಕೆಂಬ ತಮ್ಮ ಏರ್ಪಾಡನ್ನೂ ನಾನು ಮೆಚ್ಚುತ್ತೇನೆ. ಅಲ್ಲಿ ಒಂದಾಳೆತ್ತರದ ಹಸಿರು ಚಿತ್ರವೊಂದಿದೆ. ಕೆಳಗೆ 'ಶೀರ್ಷಿಕೆ ಇಲ್ಲ' ಎಂದು ಅಚ್ಚುಕಟ್ಟಾಗಿ ಬರೆದಿದ್ದಾರೆ. ನನ್ನ ಅಂಗಡಿಯಿಂದ ಶೀರ್ಷಿಕೆ ಇಲ್ಲದ ಒಂದು ಫ್ಲೆಕ್ಸ್ ಹೊರಬಿದ್ದರೆ ಗಿರಾಕಿ ಅದನ್ನು ಸುರುಳಿ ಸುತ್ತಿ ನನ್ನ ಮೇಜಿನ ಮೇಲೇ ಎಸೆದು ಹೋಗುತ್ತಾನೆ. 'ನಿವೃತ್ತಿ ಎಂಬುದು ಬರೀ ನೆಪ, ಮರೆಯಲಾರೆವು ನಿಮ್ಮ ರೂಪ' ಎಂಬಂಥ ಎರಡು ಸಾಲಾದರೂ ಇರಲೇಬೇಕು. ಕಲೆಗೂ ಕಸುಬಿಗೂ ಇರುವ ಅಂತರ ನನಗೆ ಅರ್ಥವಾದದ್ದು ಆ ಹಸಿರು ಚಿತ್ರದ ಎದುರಲ್ಲಿ.

ನಮ್ಮ ಕಡೆಯ ಜನಕ್ಕೆ ತಾವು ಕಲಿಸಿದ ಶಿಸ್ತನ್ನು ಹೊಗಳಲು ನನ್ನಲ್ಲಿ ಮಾತಿಲ್ಲ, ಇದ್ದರೂ ತಮ್ಮಲ್ಲಿ ಮಾತಾಡುವಂತಿಲ್ಲ. ಉದ್ಘಾಟನೆಯ ದಿನವನ್ನು ತಾವು ಮರೆತಿರಲಾರಿರಿ. ಆ ದಿನ ನಮಗಾಗಿ ಸ್ವಂತ ಚಿತ್ರದೊಂದಿಗೆ ಎಷ್ಟೋ ದೂರದಿಂದ ಬಂದಿದ್ದ ಯುವ ಸಿನಿಮಾ ನಿರ್ದೇಶಕರು ಮೊದಲ ಸಾಲಿನಲ್ಲಿ ಕೂತಿದ್ದರು. ಚಿತ್ರ ಆರಂಭವಾಗಿ ಒಂದು ಗಂಟೆ ಐದು ನಿಮಿಷಕ್ಕೆ, ಪರದೆಯ ಮೇಲೆ ಒಬ್ಬಾಕೆ ಕಿಟಕಿ ಮುಚ್ಚಿದಳು. ಮುಚ್ಚಿದ್ದೇ ತಡ, ಸಭಿಕರೆಲ್ಲರೂ ಎದ್ದು, ತಂತಮ್ಮ ಕುರ್ಚಿಗೆ ಟವಲ್ ಹಾಕಿ, ಸಾಲಾಗಿ ಹೊರನಡೆದರು. ಇದು ತಮ್ಮ ಚಿತ್ರಕ್ಕೆ ತೋರಿದ ಪ್ರತಿಭಟನೆಯೆಂದು ಬಗೆದ ನಿರ್ದೇಶಕರು ಖಾಲಿ ಕುರ್ಚಿಗಳ ನಡುವೆ ಒಬ್ಬರೇ ತಲೆತಗ್ಗಿಸಿ ಕೂತಿದ್ದರಂತೆ. ಇಪ್ಪತ್ತು ನಿಮಿಷದ ನಂತರ ಎಲ್ಲರೂ ಬಾಯಿ ಒರೆಸಿಕೊಳ್ಳುತ್ತ ವಾಪಸು ಬಂದರು. ಎಲ್ಲರಿಗೂ ಮುಂದಿದ್ದ ಹಿರಿಯರಾದ ಸುಬ್ಬಯ್ಯನವರು ಆ ನಿರ್ದೇಶಕರ ಬೆನ್ನು ತಟ್ಟಿ, "ಹ್ಞಾ, ಶುರು ಮಾಡ್ಸಿ ಮಾರಾಯ್ರೆ, ಎಲ್ಲರದ್ದೂ ಕಾಫಿ ಆಯ್ತು" ಎಂದು ಅಪ್ಪಣೆ ಕೊಟ್ಟರು. ಚಿತ್ರವು ಯಾರಿಗೂ ಕಾಯದೆ ನಡೆದೇ ಇತ್ತೆಂಬುದು ತಿಳಿದು ಜನಕ್ಕಾದ ಆಘಾತವೇ ಆ ದಿನದ ನಿಜವಾದ ಕಲಾನುಭವ. ಅಷ್ಟರಲ್ಲಿ ತಮ್ಮ ಸಿಬ್ಬಂದಿ ಮೂವತ್ತೆರಡು ಟವಲ್ಲುಗಳನ್ನು ಮಡಚಿ 'ಕಳೆದುಹೋದ ವಸ್ತುಗಳು' ಎಂಬ ಪೆಟ್ಟಿಗೆಯಲ್ಲಿಟ್ಟಿದ್ದರು. ಆವತ್ತಿನಿಂದ ಬಾಗಿಲ ಮೇಲೆ 'ಇಲ್ಲಿ ಮಧ್ಯಂತರವಿಲ್ಲ' ಎಂಬ ಫಲಕ ತೂಗುತ್ತಿದೆ. ಅದನ್ನು ಅಚ್ಚು ಹಾಕಿಕೊಟ್ಟವನು ನಾನೇ; ಪ್ರಾಸ ಬೇಡವೆಂದು ತಾವೇ ಹೇಳಿದ್ದಿರಿ.

ಈಗ ಅಹವಾಲಿಗೆ ಬರುತ್ತೇನೆ.

ತಮ್ಮ ಶನಿವಾರದ ಪ್ರದರ್ಶನ ಮೂರೂವರೆಗೆ ಸರಿಯಾಗಿ ಆರಂಭವಾಗುತ್ತದೆ. ನಮ್ಮ ಮೂರೂ ತಾಲ್ಲೂಕುಗಳಲ್ಲಿ ಹೇಳಿದ ಹೊತ್ತಿಗೆ ಸರಿಯಾಗಿ ಆರಂಭವಾಗುವುದು ಸೂರ್ಯೋದಯ ಬಿಟ್ಟರೆ ಇದೊಂದೇ. ಮೊದಲ ಹತ್ತು ನಿಮಿಷ ಶ್ರೀ ಶಶಿಕಿರಣ್ ಅವರ ಪ್ರಸ್ತಾವನೆ. ಆಮೇಲೆ ಎರಡು ಗಂಟೆಗೆ ಒಂದಿಷ್ಟು ಹೆಚ್ಚೋ ಕಡಿಮೆಯೋ ಚಿತ್ರ. ಎಂದರೆ, ಎಷ್ಟೇ ಬೇಗ ಮುಗಿದರೂ ಐದು ಮೂವತ್ತೈದು. ಕೊಪ್ಪದ ಬಸ್ ನಿಲ್ದಾಣದಿಂದ ಎನ್.ಆರ್.ಪುರ ಹಾಯ್ದು ಮುತ್ತಿನಕೊಪ್ಪಕ್ಕೆ ಹೋಗುವ ನಮ್ಮ ಖಾಸಗಿ ಬಸ್ಸು ಹೊರಡುವುದು ಐದು ನಲವತ್ತಕ್ಕೆ. ತಮ್ಮ ಬಾಗಿಲಿನಿಂದ ನಿಲ್ದಾಣಕ್ಕೆ ದಾಪುಗಾಲು ಹಾಕಿದರೆ ಹನ್ನೆರಡು ನಿಮಿಷ, ಪಂಚೆ ಉಟ್ಟಿದ್ದರೆ ಹದಿನೈದು. ಅದು ತಪ್ಪಿದರೆ ಮುಂದಿನದು ಮಾರನೆಯ ಬೆಳಿಗ್ಗೆಯೇ. ಹೀಗಾಗಿ ಐದು ಇಪ್ಪತ್ತೈದಕ್ಕೆ, ಪರದೆಯ ಮೇಲೆ ಯಾರು ಅಳುತ್ತಿರಲಿ, ಯಾರು ಬಾಗಿಲು ತಟ್ಟುತ್ತಿರಲಿ, ನಾನು ಏಳಲೇಬೇಕು. ಭಾನುವಾರ ಅದೇ ಚಿತ್ರದ ಮರುಪ್ರದರ್ಶನವಿದೆಯಲ್ಲ ಎಂದು ತಾವು ಕೇಳಬಹುದು. ಭಾನುವಾರ ನನ್ನ ಅಂಗಡಿಗೆ ಮದುವೆ, ನಾಮಕರಣ, ನಿವೃತ್ತಿ, ಶ್ರದ್ಧಾಂಜಲಿ ಎಲ್ಲವೂ ಒಂದೇ ಸಾಲಿನಲ್ಲಿ ನಿಂತು ಬರುವ ದಿನ. ಸ್ವಂತ ವಾಹನದಲ್ಲಿ ಬರಬಹುದಲ್ಲ ಎಂದೂ ಶ್ರೀ ಶಶಿಕಿರಣ್ ಅವರು ಒಮ್ಮೆ ಕೇಳಿದ್ದರು. ಸ್ವಂತ ವಾಹನದ ವಿಷಯ ಈ ಪತ್ರದ ವ್ಯಾಪ್ತಿಗೆ ಬರುವುದಿಲ್ಲ.

ಪರಿಣಾಮವಾಗಿ, ತಾವು ಜಗತ್ತಿನ ಮೂಲೆ ಮೂಲೆಗಳಿಂದ ಹೆಕ್ಕಿ ತಂದ ಹದಿನೇಳು ಚಿತ್ರಗಳನ್ನು ನಾನು ನೋಡಿದ್ದೇನೆ, ಒಂದರ ಕೊನೆಯನ್ನೂ ನೋಡಿಲ್ಲ. ದೋಣಿಯೊಂದನ್ನು ಪಾಲು ಮಾಡಿಕೊಳ್ಳಲು ಜಗಳವಾಡುವ ಅಣ್ಣತಮ್ಮಂದಿರನ್ನು ನಡುನೀರಿನಲ್ಲಿ ಬಿಟ್ಟು ಬಂದೆ. ಸಿಕ್ಕಿದ ಬೀಗದ ಕೈಗೆ ಬಾಗಿಲು ಹುಡುಕಿಕೊಂಡು ಊರೂರು ತಿರುಗುವ ಉಪ್ಪಿನ ವ್ಯಾಪಾರಿಯನ್ನು ಒಂದು ಕತ್ತಲ ಮೆಟ್ಟಿಲ ಮೇಲೆ ಬಿಟ್ಟು ಬಂದೆ. ಬೆಳ್ಳಿ ಲೋಟ ಕದ್ದನೆಂಬ ಆರೋಪ ಹೊತ್ತ ಹೋಟೆಲಿನ ಅಡುಗೆಯವನೊಬ್ಬ, ತಮ್ಮ ಹಳೆಯ ಕಪ್ಪು ಬಿಳುಪು ಚಿತ್ರದಲ್ಲಿ, ಇಂದಿಗೂ ಸಾಂಬಾರಿನ ಪಾತ್ರೆಯ ಮುಂದೆ ಸೌಟು ಎತ್ತಿ ನಿಂತಿದ್ದಾನೆ. ಕದ್ದನೋ ಇಲ್ಲವೋ ನನಗೆ ತಿಳಿಯದು. ಊಟಕ್ಕೆ ಕೂರುವಾಗ ಅವನ ನೆನಪಾಗುತ್ತದೆ.

ನಾನು ಏಳುವ ಕ್ರಿಯೆಯೂ ಸುಲಭದ್ದಲ್ಲ. ಎಷ್ಟೇ ಬಗ್ಗಿದರೂ ಪ್ರೊಜೆಕ್ಟರಿನ ಬೆಳಕು ನನ್ನ ತಲೆಗೆ ತಾಗಿ ಪರದೆಯ ಬಲಮೂಲೆಯಲ್ಲಿ ನೆರಳು ಬೀಳುತ್ತದೆ. ಹೀಗೆ ವಿಶ್ವದ ಹದಿನೇಳು ಶ್ರೇಷ್ಠ ಚಿತ್ರಗಳಲ್ಲಿ ನನ್ನ ನೆರಳಿಗೂ ಒಂದು ಸಣ್ಣ ಪಾತ್ರ ಲಭಿಸಿದೆ. ಸಂಭಾಷಣೆ ಇಲ್ಲ, ಮೂಲೆಯಲ್ಲಿ ಹಾದುಹೋಗುವುದಷ್ಟೇ. ಸಭಿಕರು ಈಗ ಗಡಿಯಾರ ನೋಡುವುದನ್ನೇ ಬಿಟ್ಟಿದ್ದಾರೆ. ನಾನೆದ್ದ ಕೂಡಲೆ ಹಿಂದಿನ ಸಾಲಿನಿಂದ "ಕಾಂತೇಶಣ್ಣ ಎದ್ದ, ಇನ್ ಹತ್ತೇ ನಿಮಿಷ" ಎಂಬ ಪಿಸುಮಾತೂ, ಕಾಲಿನಿಂದ ಚಪ್ಪಲಿ ಹುಡುಕುವ ಸದ್ದೂ ಕೇಳಿಬರುತ್ತವೆ. ತಮ್ಮ ನಿಶ್ಶಬ್ದ ನಿಯಮದ ಉಲ್ಲಂಘನೆಗೆ ನಾನು ಪರೋಕ್ಷ ಕಾರಣನಾಗುತ್ತಿರುವುದಕ್ಕೆ ವಿಷಾದಿಸುತ್ತೇನೆ.

ಇನ್ನು ಶ್ರೀ ಶಶಿಕಿರಣ್ ಅವರ ಪ್ರಸ್ತಾವನೆ. ಅವರು ಒಳ್ಳೆಯವರು, ಓದಿಕೊಂಡವರು, ಮೈಕನ್ನು ಬಾಯಿಗೆ ತಾಗಿಸದೆ ಮಾತಾಡಬಲ್ಲವರು. ಹತ್ತು ನಿಮಿಷ ಛಾಯಾಗ್ರಹಣ, ಸಂಕಲನ, ಆ ದೇಶದ ಹವಾಮಾನ ಎಲ್ಲವನ್ನೂ ವಿವರಿಸಿ, ಕೊನೆಯಲ್ಲಿ ಪ್ರತಿಸಲವೂ "ಮುಕ್ತಾಯವನ್ನು ಮಾತ್ರ ನಾನು ಹೇಳುವುದಿಲ್ಲ, ಅದನ್ನು ನೀವೇ ನೋಡಿ ಅನುಭವಿಸಬೇಕು" ಎಂದು ಮುಗುಳ್ನಗುತ್ತಾರೆ. ಐವತ್ಮೂರು ಜನಕ್ಕೆ ಅದು ಸೌಜನ್ಯ, ಒಬ್ಬನಿಗೆ ಅದು ಶಿಕ್ಷೆ. ಅವರ ಪ್ರಸ್ತಾವನೆಯೂ ಹತ್ತು ನಿಮಿಷ, ನನಗೆ ತಪ್ಪುವ ಚಿತ್ರವೂ ಹತ್ತು ನಿಮಿಷವೆಂಬುದನ್ನು ಯಾವ ಲೆಕ್ಕದ ಮೇಷ್ಟರಿಗೂ ಬಿಡಿಸಿ ಹೇಳಬೇಕಿಲ್ಲ.

ತಮ್ಮ ಈ ವೇಳಾಪಟ್ಟಿಯಿಂದಾಗಿ ಒಬ್ಬ ಪದವೀಧರ ಹೇಗೆ ಹಾದಿ ತಪ್ಪಿದನೆಂಬುದನ್ನೂ ತಾವು ಕೇಳಬೇಕು.

ಐದು ನಲವತ್ತರ ಬಸ್ಸಿನಲ್ಲಿ ನನಗೆ ಸೀಟು ಹಿಡಿದಿರುವವರು ನನ್ನ ಮನೆಯವರಾದ ಸುಮನಾ. ಆಕೆ ಕೊಪ್ಪದ ಸಹಕಾರ ಸಂಘವೊಂದರಲ್ಲಿ ಗುಮಾಸ್ತೆ, ವಾರದ ಆರೂ ದಿನ ಇದೇ ಬಸ್ಸು. ಎಡಬದಿಯ ಮೂರನೇ ಸೀಟಿನ ಮೇಲೆ ಆಕೆ ಹಾಸುವ ಹಳದಿ ಟವಲ್ ನಮ್ಮ ಕಡೆ ನೋಂದಣಿ ಪತ್ರಕ್ಕಿಂತ ಗಟ್ಟಿ. ನಮ್ಮ ಮದುವೆಯಾಗಿ ಹತ್ತೊಂಬತ್ತು ವರ್ಷ. ಮೊದಮೊದಲು ನಾನು ಮನೆಯಲ್ಲೂ ಪ್ರಾಸದಲ್ಲೇ ಮಾತಾಡುತ್ತಿದ್ದೆ, ಆಕೆ ನಗುತ್ತಿದ್ದರು. ಕಾಲಕ್ರಮೇಣ ಪ್ರಾಸ ಫ್ಲೆಕ್ಸಿಗೆ ಹೋಯಿತು, ನಗು ಫೋನಿಗೆ ಹೋಯಿತು. ಉಳಿದದ್ದು 'ಬಂತಾ' ಎಂಬ ಒಂದು ಕ್ರಿಯಾಪದ. ಗ್ಯಾಸ್ ಬಂತಾ, ನೀರು ಬಂತಾ, ಕರೆಂಟ್ ಬಂತಾ. ಬಂದಿದ್ದರೆ ಮಾತು ಮುಗಿಯಿತು, ಬಾರದಿದ್ದರೆ ಇನ್ನೊಂದು ಮಾತು ಉಳಿಯಿತು. ನಮ್ಮ ನಡುವೆ ಜಗಳವಿರಲಿಲ್ಲ ಎಂಬುದನ್ನು ದಯವಿಟ್ಟು ಗಮನಿಸಬೇಕು. ಜಗಳಕ್ಕೂ ಒಂದಿಷ್ಟು ಮಾತು ಬೇಕು.

ಮೊದಲ ಶನಿವಾರ ನಾನು ಏದುಸಿರು ಬಿಡುತ್ತ ಬಂದು ಆ ಹಳದಿ ಟವಲಿನ ಮೇಲೆ ಕೂತಾಗ, ಬೇರೆ ಕೇಳಲು ಏನೂ ಇಲ್ಲದ್ದರಿಂದ, ಸುಮನಾ "ಏನ್ ಪಿಚ್ಚರು?" ಎಂದು ಕೇಳಿದರು. ಇಬ್ಬರು ಅಣ್ತಮ್ಮಂದಿರು, ಒಂದು ದೋಣಿ, ಪಾಲಿನ ಜಗಳ ಎಂದೆ. ಬಸ್ಸು ಊರು ದಾಟುವ ಹೊತ್ತಿಗೆ ಆಕೆ ಕಿಟಕಿಯಿಂದ ಮುಖ ತಿರುಗಿಸಿ, "ಕೊನೀಗೆ ಯಾರಿಗಾಯ್ತು ದೋಣಿ?" ಎಂದರು. ಗೊತ್ತಿಲ್ಲ ಎಂದು ನಾನು ಹೇಳಬಹುದಿತ್ತು. ಹೇಳಿದ್ದರೆ ಮಾತು ಅಲ್ಲಿಂದ ನೇರವಾಗಿ ಗ್ಯಾಸಿಗೆ ಬರುತ್ತಿತ್ತು. ಅದಕ್ಕೇ, ಮಾನ್ಯರೇ, ನಾನು ದೋಣಿಯನ್ನು ಮುಳುಗಿಸಿದೆ. ಗರಗಸ ಹಿಡಿದು ದೋಣಿಯನ್ನು ನಡುವೆ ಕೊಯ್ಯಹೊರಟ ಅಣ್ಣ, ಬೇಡವೆನ್ನದೆ ಇನ್ನೊಂದು ತುದಿ ಹಿಡಿದ ತಮ್ಮ, ನೀರು ಒಳನುಗ್ಗಿದಾಗ ಒಬ್ಬರ ಹೆಗಲು ಒಬ್ಬರು ಹಿಡಿದದ್ದು, ಎಲ್ಲವನ್ನೂ ಎನ್.ಆರ್.ಪುರದವರೆಗೆ ಎಳೆದು ತಂದು, ಅಭ್ಯಾಸಬಲದಿಂದ ಎರಡು ಸಾಲು ಕಟ್ಟಿ ಮುಗಿಸಿದೆ:

ಹಂಚಿಕೊಂಡ ದೋಣಿ ಮುಳುಗಿತು ನೀರಲ್ಲಿ,
ಈಜಿ ಬಂದ ಅಣ್ತಮ್ಮ ಒಂದೇ ಊರಲ್ಲಿ.

ಸುಮನಾ "ಅಯ್ಯೋ, ಇವ್ರಿಗೆ ಮೊದ್ಲೇ ಈಜಕ್ಕೇನಾಗಿತ್ತು?" ಎಂದು ನಕ್ಕರು. ನಗು ಫೋನಿನಿಂದ ಹೊರಗೆ ಬಂದದ್ದನ್ನು ನಾನು ಆವತ್ತು ಬಹಳ ದಿನಗಳ ಮೇಲೆ ನೋಡಿದೆ.

ಅಲ್ಲಿಂದ ಮುಂದೆ ಇದು ನನ್ನ ಕೈಮೀರಿತು. ಎರಡನೇ ವಾರ ಉಪ್ಪಿನ ವ್ಯಾಪಾರಿಯ ಬೀಗದ ಕೈಯ ಸರದಿ. ಆ ಬಾಗಿಲನ್ನು ಊರಿನವರು ಎಂದೋ ಸೌದೆ ಮಾಡಿ ಉರಿಸಿಬಿಟ್ಟಿದ್ದಾರೆ ಎಂದು ನಾನು ತಗ್ಗಿದ ದನಿಯಲ್ಲಿ ಹೇಳುತ್ತಿದ್ದಾಗ, ಕಂಡಕ್ಟರ್ ದೇವಪ್ಪ ಟಿಕೆಟ್ ಯಂತ್ರವನ್ನು ಕಂಕುಳಲ್ಲಿಟ್ಟುಕೊಂಡು ನಿಂತು, "ಅಣ್ಣ, ಸ್ವಲ್ಪ ಜೋರಾಗಿ ಹೇಳಿ ಮಾರಾಯ್ರೆ, ಹಿಂದಿನ್ ಸೀಟಿನೋರಿಗೆ ಕೇಳ್ತಿಲ್ವಂತೆ" ಎಂದ. ಮೂರನೇ ವಾರ, ಎನ್.ಆರ್.ಪುರದಲ್ಲಿ ಇಳಿಯಬೇಕಿದ್ದ ಕಲ್ಲಮ್ಮ ಎಂಬ ಹಿರಿಯರು ಬೆಳ್ಳಿ ಲೋಟ ಎಲ್ಲಿದೆಯೆಂದು ತಿಳಿಯದೆ ಇಳಿಯಲಾರದೆ ಮುಂದಿನ ಊರಿನವರೆಗೆ ಬಂದು, ಎದುರಿನ ಬಸ್ಸಿಗೆ ಕಾದು ವಾಪಸು ಹೋದರು. ಈಗ ಅವರು ಹತ್ತಿದ ಕೂಡಲೇ ಎಚ್ಚರಿಕೆ ಕೊಡುತ್ತಾರೆ: "ತಮ್ಮಾ, ನಂದು ಎನ್ನಾರ್ಪುರ. ಅಷ್ಟ್ರೊಳಗೆ ಯಾರನ್ನಾದ್ರೂ ಸಾಯ್ಸೋದಿದ್ರೆ ಸಾಯ್ಸಿಬಿಡು, ಮದ್ವೆ ಮಾಡ್ಸೋದಿದ್ರೆ ಮಾಡ್ಸಿಬಿಡು." ಅವರ ಸಲುವಾಗಿ ಎನ್.ಆರ್.ಪುರಕ್ಕೆ ಒಂದು ಕೊನೆ, ಸುಮನಾ ಅವರ ಸಲುವಾಗಿ ಮುತ್ತಿನಕೊಪ್ಪಕ್ಕೆ ಇನ್ನೊಂದು ಕೊನೆ, ಹೀಗೆ ಒಂದು ಚಿತ್ರಕ್ಕೆ ಎರಡು ಮುಕ್ತಾಯ ಹೊಂದಿಸಬೇಕಾಗಿ ಬಂದಿದೆ. ಚಿತ್ರ ಮುಗಿಯುವುದು ಐದು ಇಪ್ಪತ್ತೈದಕ್ಕೆ ಎಂದೂ, ಪೂರ್ತಿ ನೋಡಿಯೇ ಬರುತ್ತೇನೆಂದೂ ನಾನು ಇವರೆಲ್ಲರನ್ನೂ ನಂಬಿಸಿದ್ದೇನೆ. ಒಬ್ಬ ಸಭ್ಯ ಫ್ಲೆಕ್ಸ್ ತಯಾರಕನನ್ನು ತಾವು ಹೀಗೆ ವಾರಕ್ಕೊಂದು ಸುಳ್ಳಿನ ಸಗಟು ವ್ಯಾಪಾರಿಯನ್ನಾಗಿ ಮಾಡಿದ್ದೀರಿ.

ಆದಕಾರಣ ಪ್ರದರ್ಶನವನ್ನು ಮೂರು ಗಂಟೆಗೆ ಆರಂಭಿಸಬೇಕೆಂದು ಕೋರುತ್ತೇನೆ. ಅದು ಸಾಧ್ಯವಾಗದ ಪಕ್ಷದಲ್ಲಿ, ಚಿತ್ರದ ಕೊನೆಯ ಹತ್ತು ನಿಮಿಷವನ್ನು ಮೊದಲೇ ತೋರಿಸಿ, ಉಳಿದದ್ದನ್ನು ಆಮೇಲೆ ತೋರಿಸಬಹುದು. ಕೆಲವು ಚಿತ್ರಗಳಲ್ಲಿ ಯಾರಿಗೂ ವ್ಯತ್ಯಾಸ ತಿಳಿಯಲಿಕ್ಕಿಲ್ಲ. ಅದೂ ಆಗದಿದ್ದರೆ, ಪರೀಕ್ಷೆಯ ಪ್ರಶ್ನೆಪತ್ರಿಕೆಯಂತೆ, ಚಿತ್ರದ ಮುಕ್ತಾಯವನ್ನು ಬರೆದು ಅರಗಿನ ಮೊಹರು ಹಾಕಿದ ಲಕೋಟೆಯನ್ನು ಐದು ಇಪ್ಪತ್ತೈದಕ್ಕೆ ನಾಲ್ಕನೇ ಸಾಲಿನ ಮೊದಲನೇ ಕುರ್ಚಿಗೆ ತಲುಪಿಸಬಹುದು. ಶ್ರೀ ಶಶಿಕಿರಣ್ ಅವರು ನನ್ನ ಜೊತೆ ನಿಲ್ದಾಣದವರೆಗೆ ಓಡುತ್ತ ಮುಕ್ತಾಯವನ್ನು ವಿವರಿಸುವುದಾದರೂ ಆಕ್ಷೇಪಣೆಯಿಲ್ಲ, ಅವರ ಶರೀರಕ್ಕೂ ಅದು ಒಳ್ಳೆಯದು. ಸಂಗ್ರಹಾಲಯವನ್ನೇ ಬಸ್ ನಿಲ್ದಾಣದ ಮೇಲಂತಸ್ತಿಗೆ ಸ್ಥಳಾಂತರಿಸುವ ಸಲಹೆಯನ್ನು ಕಂಡಕ್ಟರ್ ದೇವಪ್ಪನವರ ಪರವಾಗಿ ಸಲ್ಲಿಸುತ್ತಿದ್ದೇನೆ, ಇದರಲ್ಲಿ ನನ್ನ ಸ್ವಾರ್ಥವಿಲ್ಲ.

ಇಲ್ಲಿಯವರೆಗೆ ಬರೆದು, ಸಹಿ ಹಾಕುವ ಮೊದಲು, ಈ ಅರ್ಜಿ ಯಾಕೆ ಹುಟ್ಟಿತೆಂಬುದನ್ನು ದಾಖಲಿಸಬೇಕು. ಮೂರು ವಾರದ ಹಿಂದೆ, ಬಾಗಿಲಲ್ಲಿ ಸಿಕ್ಕ ಶ್ರೀ ಶಶಿಕಿರಣ್ ಅವರ ಮುಂದೆ ನಾನು "ಏನ್ ಸಾರ್, ನಮಗೆ ಕೊನೇನೇ ಸಿಗಲ್ವಲ್ಲ" ಎಂದು ಒಂದು ಮಾತು ಅಂದೆ. ನಮ್ಮ ಕಡೆ ದೂರು ಎಂಬುದು ಉಪಚಾರದ ಮಾತು. ರಸ್ತೆ ಸರಿಯಿಲ್ಲ, ಫೋನಿಗೆ ಸಿಗ್ನಲ್ ಇಲ್ಲ, ಊಟ ಆಯ್ತಾ ಎಂಬಷ್ಟೇ ಸಲೀಸಾಗಿ ಹೇಳುತ್ತೇವೆ; ಹೇಳಿದರೆ ಏನೂ ಆಗುವುದಿಲ್ಲವೆಂಬ ಪೂರ್ಣ ಭರವಸೆಯಿಂದಲೇ ಹೇಳುತ್ತೇವೆ. ನಲವತ್ತಾರು ವರ್ಷದಲ್ಲಿ ನನ್ನ ಒಂದು ದೂರಿಗೂ ಯಾರೂ ತಲೆ ಎತ್ತಿದ್ದಿಲ್ಲ. ಆದರೆ ಶ್ರೀ ಶಶಿಕಿರಣ್ ಅವರು ಜೇಬಿನಿಂದ ಪೆನ್ನು ತೆಗೆದು, "ನೀವು ಹೇಳೋದು ಸರಿ ಇದೆ ಸಾರ್. ಒಂದು ಅರ್ಜಿ ಬರ್ದು ಕೊಡಿ, ಕಮಿಟಿ ಮೀಟಿಂಗಲ್ಲಿ ಇಟ್ಟು ಮೂರು ಗಂಟೆಗೇ ಶುರು ಮಾಡಿಸ್ತೀನಿ" ಎಂದುಬಿಟ್ಟರು. ಇಂಥ ಅಧಿಕಾರಿಗಳೂ ಇರುತ್ತಾರೆಂದು ನನಗೆ ಯಾರೂ ಹೇಳಿರಲಿಲ್ಲ.

ಅರ್ಜಿಗೆ ಒಂದು ಉಲ್ಲೇಖವಿದ್ದರೆ ತೂಕ ಹೆಚ್ಚುತ್ತದೆಂದು, ಕಳೆದ ಶನಿವಾರ ನಾನು ಬೇಗ ಬಂದು, ತಮ್ಮ ಬಾಗಿಲ ಪಕ್ಕದ ಸ್ಟೂಲಿನ ಮೇಲಿರುವ ಅಭಿಪ್ರಾಯ ಪುಸ್ತಕವನ್ನು ತಿರುವಿಹಾಕಿದೆ. ಇದೇ ದೂರನ್ನು ಹಿಂದೆ ಬೇರೆ ಯಾರಾದರೂ ಬರೆದಿದ್ದಾರೆಯೇ ಎಂಬುದಷ್ಟೇ ನನ್ನ ಕುತೂಹಲ. ಅದರ ಹಿಂದಿನ ಭಾನುವಾರದ ಪುಟದಲ್ಲಿ, ಸಹಕಾರ ಸಂಘದ ರಿಜಿಸ್ಟರಿನಲ್ಲಿ ಬರೆದು ಪಳಗಿದ ದುಂಡಗಿನ ಅಕ್ಷರಗಳಲ್ಲಿ, ಹೀಗಿತ್ತು:

"ಚಿತ್ರ ನಿಧಾನ. ಗಂಡನ ಕೋಟಿಗೆ ಗುಂಡಿ ಹೊಲಿಯುತ್ತ ಕಾಯುವವಳು ಕೊನೆಯಲ್ಲಿ ದಾರ ಕಡಿದು, ಕೋಟನ್ನು ಗೂಟಕ್ಕೆ ಹಾಕಿ, ದೀಪ ಆರಿಸುತ್ತಾಳೆ. ಅವನು ಬರುವುದಿಲ್ಲ. ನಮ್ಮ ಮನೆಯವರು ನಿನ್ನೆ ಬಸ್ಸಿನಲ್ಲಿ ಹೇಳಿದ ಕೊನೆಯಲ್ಲಿ ಅವನು ಬಂದಿದ್ದ. ಕೋಟು ಬಿಗಿಯಾಗಿತ್ತು, ಅವಳು ಗುಂಡಿ ಬಿಚ್ಚಿ ಮತ್ತೆ ಹೊಲಿದಳು. ನನಗೆ ಅದೇ ಇಷ್ಟವಾಯಿತು. ಶನಿವಾರದ ಸಮಯ ಬದಲಾಗಬಹುದೆಂದು ಇವತ್ತು ಮೈಕಿನಲ್ಲಿ ಹೇಳಿದಿರಿ. ಬದಲಿಸಬೇಡಿ. ಸುಮನಾ, ಮುತ್ತಿನಕೊಪ್ಪ."

ಆ ಭಾನುವಾರ ಆಕೆ ನನಗೆ ಹೇಳಿ ಹೋದದ್ದು, ಸಹೋದ್ಯೋಗಿ ಭವ್ಯ ಅವರ ಅಕ್ಕನ ಸೀಮಂತಕ್ಕೆ ಕೊಪ್ಪಕ್ಕೆ ಹೋಗಿ ಭವ್ಯ ಅವರ ಕಾರಿನಲ್ಲಿ ವಾಪಸು ಬರುತ್ತೇನೆಂದು. ವಾಪಸು ಬಂದಾಗ ಊಟ ಹೇಗಿತ್ತು ಎಂದು ಕೇಳಿದ್ದೆ. "ಪಾಯಸ ಪರ್ವಾಗಿಲ್ಲ" ಎಂದಿದ್ದರು. ನಮ್ಮ ಮನೆಯಲ್ಲಿ ಕಥೆ ಕಟ್ಟುವವನು ನಾನೊಬ್ಬನೇ ಎಂದು ತಿಳಿದಿದ್ದೆ.

ಆ ಚಿತ್ರಕ್ಕೆ ನಾನು ಕಟ್ಟಿದ್ದ ಎರಡು ಸಾಲು ಇವು, ದಾಖಲೆಗಾಗಿ:

ಬಿಗಿಯಾದ ಕೋಟಿಗೆ ಹೊಸ ಜಾಗ ಗುಂಡಿಗೆ,
ಬಿಗಿದಿದ್ದ ಮಾತು ಬಂತು ಬಾಯ ದಂಡೆಗೆ.

ಪುಸ್ತಕ ಮುಚ್ಚಿ ಒಳಗೆ ಹೋಗಿ ಕೂತೆ. ಆ ದಿನದ ಚಿತ್ರ ಏನೆಂಬುದು ಸರಿಯಾಗಿ ನೆನಪಿಲ್ಲ, ಒಂದು ಕುದುರೆ ಇತ್ತು. ಐದು ಇಪ್ಪತ್ತೈದಕ್ಕೆ ಎದ್ದೆ, ನೆರಳು ಬಿದ್ದಿತು, ಚಪ್ಪಲಿಗಳ ಸದ್ದಾಯಿತು, ಓಡಿದೆ. ಹಳದಿ ಟವಲಿನ ಮೇಲೆ ಕೂತು ಕುದುರೆಗೊಂದು ಕೊನೆ ಹೇಳಿದೆ. ಕಲ್ಲಮ್ಮನವರು ಎನ್.ಆರ್.ಪುರದಲ್ಲಿ ಸಮಾಧಾನದಿಂದ ಇಳಿದುಹೋದರು. ಆಮೇಲೆ ಸುಮನಾ ನನ್ನ ಮುಖವನ್ನೇ ನೋಡುತ್ತ, "ನಿಜವಾಗ್ಲೂ ಹಂಗೇ ಆಯ್ತಾ?" ಎಂದು ಕೇಳಿದರು. ಹೌದು ಎಂದೆ. "ಸರಿ, ಆಮೇಲೆ?" ಎಂದರು.

ಮಾನ್ಯರೇ, ನನ್ನ ಹತ್ತಿರ ಬೈಕಿದೆ.

ಮೊದಲ ಶನಿವಾರ ಮಾತ್ರ ಅದು ಗ್ಯಾರೇಜಿನಲ್ಲಿತ್ತು; ಸೋಮವಾರವೇ ಹೊಸ ಬ್ರೇಕ್ ಹಾಕಿಸಿಕೊಂಡು ಮನೆಗೆ ಬಂತು. ತಮ್ಮ ಹದಿನಾರು ಚಿತ್ರಗಳನ್ನು ನಾನು ಕೊನೆಯವರೆಗೂ ನೋಡಿ, ಸಂವಾದದಲ್ಲೂ ಎರಡು ಪ್ರಶ್ನೆ ಕೇಳಿ, ಆರಾಮಾಗಿ ಬೈಕಿನಲ್ಲಿ ಮನೆ ಸೇರಬಹುದಿತ್ತು. ಅವಳನ್ನೂ ಕಾಯಿಸಿ, ಹಿಂದೆ ಕೂರಿಸಿಕೊಂಡು ಬರಬಹುದಿತ್ತು. ಆದರೆ ಹೆಲ್ಮೆಟ್ಟಿನೊಳಗಿಂದ ಕಥೆ ಹಿಂದಿನ ಸೀಟಿಗೆ ಕೇಳುವುದಿಲ್ಲ. ಕೊನೆಯನ್ನು ನೋಡಿಬಿಟ್ಟರೆ ನನಗೆ ಹೇಳಲು ಬೇರೆ ಕೊನೆಯೂ ಇರುವುದಿಲ್ಲ. ಒಂದೂಕಾಲು ಗಂಟೆ ಅವಳು ನನ್ನ ಮಾತು ಕೇಳುವುದು ವಾರಕ್ಕೆ ಆ ಒಂದು ಸಲ.

ಆದ್ದರಿಂದ ಮೇಲ್ಕಂಡ ಅರ್ಜಿಯನ್ನು ಸಂಪೂರ್ಣವಾಗಿ ಹಿಂಪಡೆಯುತ್ತಿದ್ದೇನೆ. ಮೂರೂವರೆಯನ್ನು ಒಂದು ನಿಮಿಷವೂ ಆಚೀಚೆ ಮಾಡಬಾರದು. ಬಹಿರಂಗ ಪತ್ರವಾದ್ದರಿಂದ ಇದನ್ನು ತಮ್ಮ ಸೂಚನಾ ಫಲಕದ ಮೇಲೆ ಶನಿವಾರ ಬೆಳಿಗ್ಗೆ ಅಂಟಿಸಿ, ಸಂಜೆಯೇ ಕಿತ್ತು ತೆಗೆಯಬೇಕಾಗಿ ಪ್ರಾರ್ಥನೆ. ಭಾನುವಾರ ಅವಳು ಬರುತ್ತಾಳೆ.

ಕೊನೆಯ ಹತ್ತು ನಿಮಿಷವೊಂದನ್ನು ಬಿಟ್ಟು ಉಳಿದೆಲ್ಲ ವೇಳೆಯಲ್ಲೂ ತಮ್ಮ ವಿಶ್ವಾಸಿ,
ಕಾಂತೇಶ್

ವಿಶೇಷ ಸೂಚನೆ: ಮುಂದಿನ ಶನಿವಾರದ ಚಿತ್ರ ಬರೀ ಒಂದು ಗಂಟೆ ಇಪ್ಪತ್ತು ನಿಮಿಷದ್ದೆಂದು ಫಲಕದಲ್ಲಿ ನೋಡಿ ಗಾಬರಿಯಾಯಿತು. ಐದು ಗಂಟೆಗೇ ಮುಗಿದುಬಿಟ್ಟರೆ ನಾನು ಕೊನೆಯವರೆಗೂ ಕೂರಬೇಕಾಗುತ್ತದೆ. ದಯವಿಟ್ಟು ಅಂದು ಸ್ವಾಗತ, ದೀಪ ಬೆಳಗಿಸುವುದು, ಹಾರ, ಶಾಲು ಮತ್ತು ಮುಖ್ಯ ಅತಿಥಿಗಳ ಭಾಷಣವಿರುವ ಒಂದು ಸಮಾರಂಭವನ್ನು ಏರ್ಪಡಿಸಿ ಅರ್ಧ ಗಂಟೆ ತಡಮಾಡಬೇಕು. ಇದನ್ನು ಹೇಗೆ ಮಾಡುವುದೆಂದು ಈ ಮೂರು ತಾಲ್ಲೂಕಿನಲ್ಲಿ ಗೊತ್ತಿಲ್ಲದಿರುವುದು ತಮ್ಮ ಸಂಸ್ಥೆಯೊಂದಕ್ಕೇ. ಭಾಷಣಕ್ಕೆ ಯಾರೂ ಸಿಗದಿದ್ದರೆ ನಾನಿದ್ದೇನೆ. ಕೊನೆ ಗೊತ್ತಿಲ್ಲದ ವಿಷಯದ ಮೇಲೆ ಎಷ್ಟು ಹೊತ್ತು ಬೇಕಾದರೂ ಮಾತಾಡಬಲ್ಲೆ.